ಸ್ಮಾರ್ಟ್ ಬೋರ್ಡ್ ಬಂತು, ಮಕ್ಕಳ ಉತ್ತರ ಮೇಷ್ಟ್ರಿಗೆ ತಲುಪುವುದು ಯಾವಾಗ?

ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಸಾಲು ಹೆಚ್ಚು ಹೆಚ್ಚಾಗಿ ಕಾಣುತ್ತಿದೆ: ಸ್ಮಾರ್ಟ್ ಕ್ಲಾಸ್ ಉದ್ಘಾಟನೆ. ಹಳೆಯ ವಿದ್ಯಾರ್ಥಿಗಳ ಸಂಘವೋ, ಬೆಂಗಳೂರಿನಲ್ಲಿ ನೆಲೆ ನಿಂತ ಊರಿನವರೋ, ಯಾವುದೋ ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯೋ ಕೊಡಿಸಿದ ದೊಡ್ಡ ಪರದೆ ಗೋಡೆ ಏರುತ್ತದೆ. ಅತಿಥಿಗಳು ರಿಬ್ಬನ್ ಕತ್ತರಿಸುತ್ತಾರೆ, ಪರದೆಯ ಮೇಲೆ ಹೃದಯದ ಚಿತ್ರ ತಿರುತಿರುಗಿ ಬಡಿಯುತ್ತದೆ, ಚಪ್ಪಾಳೆ ಬೀಳುತ್ತದೆ. ದಾನಿಗಳ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಸಮಾರಂಭಗಳಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಈ ಪರದೆಯಿಂದ ಮಕ್ಕಳ ಕಡೆಗೆ ಏನೇನು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಕ್ಕಳ ಕಡೆಯಿಂದ ಶಿಕ್ಷಕರಿಗೆ ಏನು ಬರುತ್ತದೆ?

ನಮ್ಮ ಶೈಕ್ಷಣಿಕ ತಂತ್ರಜ್ಞಾನ ಬಹುಮಟ್ಟಿಗೆ ಹೋಗುವ ದಾರಿಯನ್ನೇ ಅಗಲ ಮಾಡುತ್ತಾ ಬಂದಿದೆ. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ಬಂತು. ಶಾಲೆಯಲ್ಲಿದ್ದ ಡಿಶ್ ಪಾಠವನ್ನು ಹಿಡಿಯುತ್ತಿತ್ತೇ ಹೊರತು ಮಗುವಿನ ಅನುಮಾನವನ್ನು ಹಿಂದಕ್ಕೆ ಕಳಿಸುತ್ತಿರಲಿಲ್ಲ. 2017ರಲ್ಲಿ ಡಿಜಿಟಲ್ ಪಾಠಗಳ ಸರ್ಕಾರಿ ವೇದಿಕೆ ದೀಕ್ಷಾ ಬಂದು ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಮೂಡಿತು. ಸ್ಕ್ಯಾನ್ ಮಾಡಿದರೆ ವಿಡಿಯೋ. ಕೋವಿಡ್ ಕಾಲದಲ್ಲಂತೂ ಸಾಗರ, ಹೊಸನಗರದ ಹಿನ್ನೀರಿನ ಹಳ್ಳಿಗಳ ಹುಡುಗ ಹುಡುಗಿಯರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದರು. ಅಷ್ಟು ಕಷ್ಟಪಟ್ಟು ಅವರು ತಲುಪಿಸಿದ್ದು ತಮ್ಮ ಹಾಜರಿಯನ್ನು ಮಾತ್ರ.

ತರಗತಿಯ ತಂತ್ರಜ್ಞಾನದಿಂದ ಕಲಿಕೆ ಸುಧಾರಿಸಿದ ಹಲವು ಕಡೆ ಒಂದು ಸಮಾನ ಅಂಶ ಕಾಣುತ್ತದೆ: ಮಕ್ಕಳು ಏನು ತಿಳಿದುಕೊಂಡರು, ಏನನ್ನು ತಪ್ಪು ತಿಳಿದರು ಎಂಬ ಸುದ್ದಿ ಅದೇ ಪೀರಿಯಡ್‌ನೊಳಗೆ ಶಿಕ್ಷಕರಿಗೆ ಸಿಕ್ಕಿ, ಮುಂದಿನ ಹತ್ತು ನಿಮಿಷದ ಪಾಠ ಅದರಿಂದ ಬದಲಾಗಿದೆ. ಉಪಕರಣದ ಬೆಲೆಗೂ ಇದಕ್ಕೂ ಅಂಥ ಸಂಬಂಧವಿಲ್ಲ.

ಇದರ ಪ್ರಸಿದ್ಧ ಉದಾಹರಣೆ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರದು. ಒಳ್ಳೆಯ ಪಾಠ ಮಾಡುತ್ತಾರೆಂದು ಹೆಸರು ಪಡೆದಿದ್ದವರು. 1990ರ ಸುಮಾರಿಗೆ ಅವರು ತಮ್ಮ ವಿದ್ಯಾರ್ಥಿಗಳಿಗೆ ಬಲದ ಪರಿಕಲ್ಪನೆಯ ಕುರಿತು ಒಂದು ಸರಳ ಪರೀಕ್ಷೆ ಕೊಟ್ಟರು. ಲೆಕ್ಕವಿಲ್ಲ, ಸೂತ್ರವಿಲ್ಲ, ಬರೀ ಯೋಚನೆ. ವಿದ್ಯಾರ್ಥಿನಿಯೊಬ್ಬಳು ಎದ್ದು, ನೀವು ಹೇಳಿಕೊಟ್ಟ ಪ್ರಕಾರ ಉತ್ತರಿಸಬೇಕೋ, ನಾನು ಯೋಚಿಸುವ ಪ್ರಕಾರವೋ ಎಂದು ಕೇಳಿದಳಂತೆ. ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದವರು ಈ ಸರಳ ಪ್ರಶ್ನೆಗಳಲ್ಲಿ ಮುಗ್ಗರಿಸಿದರು. 1991ರಿಂದ ಮಜೂರ್ ಪಾಠದ ಕ್ರಮವನ್ನೇ ಬದಲಿಸಿದರು. ಸ್ವಲ್ಪ ಹೊತ್ತು ವಿವರಣೆ, ಬಳಿಕ ಒಂದು ಬಹು ಆಯ್ಕೆಯ ಪ್ರಶ್ನೆ. ಪ್ರತಿಯೊಬ್ಬರೂ ಒಬ್ಬರೇ ಯೋಚಿಸಿ ಉತ್ತರ ಕೊಡಬೇಕು. ಸರಿ ಉತ್ತರ ಕೊಟ್ಟವರು ಶೇಕಡ 30ರಿಂದ 70ರ ನಡುವೆ ಇದ್ದರೆ ಪಕ್ಕದವರೊಡನೆ ವಾದ ಮಾಡಿ ಮತ್ತೊಮ್ಮೆ ಉತ್ತರಿಸಬೇಕು. ಶೇಕಡ 30ಕ್ಕಿಂತ ಕಡಿಮೆಯಾದರೆ ಮೇಷ್ಟ್ರು ಮತ್ತೆ ಮೊದಲಿನಿಂದ ವಿವರಿಸಬೇಕು. 70 ದಾಟಿದರೆ ಮುಂದಿನ ಪಾಠ.

ಅದೇ ಪರೀಕ್ಷೆಯಲ್ಲಿದ್ದ ಒಂದು ಬಗೆಯ ಪ್ರಶ್ನೆಯನ್ನು ನಮ್ಮ ಘಾಟಿ ರಸ್ತೆಗೆ ತಂದು ನೋಡಿ. ಸರ್ಕಾರಿ ಬಸ್ಸಿಗೆ ಎದುರಿನಿಂದ ಬಂದ ಬೈಕ್ ಡಿಕ್ಕಿ ಹೊಡೆಯಿತು. ಬಸ್ಸು ಬೈಕಿನ ಮೇಲೆ ಹಾಕಿದ ಬಲ ಹೆಚ್ಚೋ, ಬೈಕು ಬಸ್ಸಿನ ಮೇಲೆ ಹಾಕಿದ ಬಲ ಹೆಚ್ಚೋ, ಎರಡೂ ಸಮವೋ? ನ್ಯೂಟನ್ನನ ಮೂರನೆಯ ನಿಯಮವನ್ನು ಅಕ್ಷರ ತಪ್ಪದೆ ಬರೆದು ಪೂರ್ತಿ ಅಂಕ ಪಡೆದ ಮಗುವೂ ಬಸ್ಸಿನ ಬಲವೇ ಹೆಚ್ಚು ಎನ್ನುವ ಸಂಭವ ದೊಡ್ಡದು. ನಜ್ಜುಗುಜ್ಜಾಗಿದ್ದು ಬೈಕು ತಾನೇ! ಬಲ ಎರಡೂ ಕಡೆ ಸಮ, ಬೈಕಿನ ರಾಶಿ ಕಡಿಮೆಯಾದ್ದರಿಂದ ಅದರ ವೇಗದಲ್ಲಾಗುವ ಬದಲಾವಣೆ ವಿಪರೀತ ಎಂಬುದು ಮಗುವಿಗೆ ಹೊಳೆಯಬೇಕಾದರೆ, ಮೊದಲು ಅದು ತಾನು ನಂಬಿದ್ದನ್ನು ಬಾಯಿಬಿಟ್ಟು ಹೇಳಿರಬೇಕು. ಮೇಷ್ಟ್ರು ಹೇಳಿದ್ದನ್ನು ತಲೆಯಾಡಿಸಿ ಒಪ್ಪಿಕೊಂಡರೆ ಹಳೆಯ ನಂಬಿಕೆ ಅಲ್ಲೇ ಬೆಚ್ಚಗೆ ಕೂತಿರುತ್ತದೆ.

ಹಾಗಾದರೆ ಇಂಥ ತರಗತಿಗಳಲ್ಲಿ ಕಲಿಕೆ ಸುಧಾರಿಸುವುದು ಅಲ್ಲಿ ಬಳಸುವ, ಉತ್ತರ ಒತ್ತುವ ಕೈಯಂತ್ರವಾದ ಕ್ಲಿಕ್ಕರ್‌ನಿಂದಲೇ? ಕೆನಡಾದ ಕಾಲೇಜೊಂದರಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಕೇಳಿತ್ತು. ಒಂದು ಗುಂಪಿಗೆ ಎಲೆಕ್ಟ್ರಾನಿಕ್ ಕ್ಲಿಕ್ಕರ್, ಇನ್ನೊಂದಕ್ಕೆ ಅಕ್ಷರ ಬರೆದ ರಟ್ಟಿನ ಚೀಟಿ. ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಾಧನಗಳನ್ನು ಖರೀದಿಸುವ ಸಮಿತಿಗಳ ಮುಂದೆ ಈ ಫಲಿತಾಂಶವನ್ನು ದೊಡ್ಡ ಅಕ್ಷರದಲ್ಲಿ ಅಂಟಿಸಬೇಕು ಎನ್ನುವುದು ನನ್ನ ಆಸೆ.

ಕೆಲಸ ಮಾಡುವುದು ಪ್ರಶ್ನೆ. ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆರು, ಏಳನೇ ತರಗತಿಯ ದಶಮಾಂಶ ಪಾಠ. ಮಲೆನಾಡಿನ ಅಡಿಕೆ, ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಗಾಲದ ಬೆಳಗಿನ ಮೊದಲ ಮಾತೇ ನಿನ್ನೆ ಎಷ್ಟು ಇಂಚು ಬಂತು ಎನ್ನುವುದು. ಆದ್ದರಿಂದ ಪ್ರಶ್ನೆ ಹೀಗಿರಲಿ: ಆಗುಂಬೆಯಲ್ಲಿ 3.8 ಇಂಚು, ತೀರ್ಥಹಳ್ಳಿಯಲ್ಲಿ 3.25 ಇಂಚು ಮಳೆಯಾಯಿತು ಎಂದುಕೊಳ್ಳಿ. ಎಲ್ಲಿ ಹೆಚ್ಚು? ಒಂದಷ್ಟು ಮಕ್ಕಳು ತೀರ್ಥಹಳ್ಳಿ ಎನ್ನುತ್ತಾರೆ. ಅವರ ಲೆಕ್ಕದಲ್ಲಿ 25 ಎನ್ನುವುದು 8ಕ್ಕಿಂತ ದೊಡ್ಡದು. ಮೂರು ಪಾಯಿಂಟ್ ಇಪ್ಪತ್ತೈದು ಎಂದು ನಾವೇ ಓದಿ ಅಭ್ಯಾಸ ಮಾಡಿಸಿರುವಾಗ ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಇನ್ನೊಂದಷ್ಟು ಮಕ್ಕಳು ಆಗುಂಬೆ ಎನ್ನುತ್ತಾರೆ. ಸರಿ ಉತ್ತರ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಮುಂದೆ ಹೋಗಬಹುದೇ?

ಹೋಗಬಾರದು. ದಶಮಾಂಶದಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಇನ್ನೊಂದು ಬಗೆಯೂ ಇದೆ. ಹತ್ತನೆಯ ಒಂದು ಭಾಗ ನೂರನೆಯ ಒಂದು ಭಾಗಕ್ಕಿಂತ ದೊಡ್ಡದು ಎಂದು ಕಲಿತ ಮಗು, ಅದರಿಂದ ಬಿಂದುವಿನ ನಂತರ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಎಂಬ ತನ್ನದೇ ನಿಯಮ ಕಟ್ಟಿಕೊಂಡಿರುತ್ತದೆ. ಅದಕ್ಕೂ 3.8 ದೊಡ್ಡದಾಗಿಯೇ ಕಾಣುತ್ತದೆ, ತಪ್ಪು ಕಾರಣಕ್ಕೆ. ಹಾಗಾಗಿ ಎರಡನೆಯ ಪ್ರಶ್ನೆ ಬೇಕು: 3.2 ಮತ್ತು 3.45, ಯಾವುದು ಹೆಚ್ಚು? ಈಗ ಮೊದಲ ಗುಂಪಿನ ಉತ್ತರ ಸರಿಯಾಗುತ್ತದೆ, ಏಕೆಂದರೆ 45 ಎನ್ನುವುದು 2ಕ್ಕಿಂತ ದೊಡ್ಡದು. ಎರಡನೆಯ ಗುಂಪು 3.2 ಎಂದು ತಪ್ಪುತ್ತದೆ. ಎರಡೂ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದವರಿಗೆ ವಿಷಯ ತಿಳಿದಿದೆ ಎನ್ನಲು ಸ್ವಲ್ಪ ಆಧಾರ ಸಿಕ್ಕಿತು.

ಇದೇ ಎರಡು ಪ್ರಶ್ನೆಗಳನ್ನು ಕಿರುಪರೀಕ್ಷೆಯಲ್ಲಿ ಕೊಟ್ಟು ಅಂಕ ಹಾಕಿದ್ದರೆ ಏನಾಗುತ್ತಿತ್ತು? ಎರಡೂ ಗುಂಪಿನವರಿಗೆ ಎರಡಕ್ಕೆ ಒಂದು. ಅಂಕಪಟ್ಟಿಯಲ್ಲಿ ಅವರು ಅವಳಿಗಳು. ತಲೆಯೊಳಗೆ ಒಬ್ಬರಿಗೊಬ್ಬರು ವಿರುದ್ಧ. ವಿರುದ್ಧ ಕಾಯಿಲೆಯ ಇಬ್ಬರಿಗೆ ಜ್ವರದ ಅಂಕಿ ಒಂದೇ ಬಂತೆಂದು ಒಂದೇ ಮಾತ್ರೆ ಕೊಟ್ಟಂತೆ, ಇಬ್ಬರಿಗೂ ಅದೇ ಪರಿಹಾರ ಬೋಧನೆ ನಡೆಯುತ್ತದೆ. ಕೊನೆಗೊಂದು ಸೊನ್ನೆ ಸೇರಿಸಿ 3.80 ಎಂದು ಬರೆದುಕೊಳ್ಳಿ ಎಂಬ ಪ್ರಚಲಿತ ಉಪಾಯದಿಂದ ಮೊದಲ ಗುಂಪಿನವರ ಉತ್ತರ ಸರಿಯಾಗುತ್ತದೆ, ತಿಳಿವಳಿಕೆ ಆಗುವುದಿಲ್ಲ. ಅವರು ಈಗ 80ನ್ನೂ 25ನ್ನೂ ಹೋಲಿಸುತ್ತಿರುತ್ತಾರೆ, ಅಷ್ಟೆ. ಮಳೆ ಅಳೆಯುವ ಜಾಡಿಯ ಗೆರೆಗಳನ್ನು ತೋರಿಸಿ, ಮೂರರಿಂದ ನಾಲ್ಕರ ನಡುವೆ ಹತ್ತು ಭಾಗ, ಅದರೊಳಗೆ ಮತ್ತೆ ಹತ್ತು ಭಾಗ ಮಾಡಿ, 3.25 ಎಲ್ಲಿ ನಿಲ್ಲುತ್ತದೆ ಎಂದು ಅವರಿಂದಲೇ ಗುರುತು ಹಾಕಿಸುವುದು ನಿಧಾನದ ದಾರಿ. ಎರಡು ಗುಂಪಿಗೂ ಬೇಕಾದದ್ದು ಅದು, ಆದರೆ ಪ್ರತಿಯೊಂದು ಗುಂಪೂ ಅಲ್ಲಿ ತನ್ನ ತಪ್ಪನ್ನೇ ಎದುರಿಸಬೇಕು.

ಇಂಥ ಪ್ರಶ್ನೆಗೆ ಇಡೀ ತರಗತಿಯ ಉತ್ತರ ಒಮ್ಮೆಗೇ ಪಡೆಯಲು ಮಲೆನಾಡಿನ ಶಾಲೆಗೆ ಯಾವ ಸಾಧನ ಹೊಂದುತ್ತದೆ? ಮೊಬೈಲಿನಲ್ಲಿ ಆಡುವ ಪ್ರಶ್ನೋತ್ತರ ಆ್ಯಪ್‌ಗಳಾದ ಕಹೂಟ್, ಮೆಂಟಿಮೀಟರ್‌ಗಳು ಚೆನ್ನಾಗಿವೆ, ಆದರೆ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಇಂಟರ್ನೆಟ್ ಇರುವ ಫೋನ್ ಬೇಕು. ಶಾಲೆಗೆ, ಪಿಯು ಕಾಲೇಜಿಗೆ ಫೋನ್ ತರಬಾರದೆಂದು ನಾವೇ ಹೇಳುತ್ತೇವೆ. ಹಾಗೆ ಹೇಳುವುದು ಸರಿಯೂ ಹೌದು. ಪ್ಲಿಕರ್ಸ್ ಎಂಬ ವ್ಯವಸ್ಥೆ ಈ ತೊಡಕನ್ನು ಜಾಣತನದಿಂದ ದಾಟಿದೆ. ಪ್ರತಿ ಮಗುವಿಗೆ ಕಪ್ಪು ಚೌಕಗಳ ವಿನ್ಯಾಸವಿರುವ ಒಂದು ಮುದ್ರಿತ ಕಾರ್ಡ್. ಅದರ ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರದಲ್ಲಿರುತ್ತದೆ. ತನ್ನ ಉತ್ತರದ ಅಂಚು ಮೇಲಾಗುವಂತೆ ಮಗು ಕಾರ್ಡ್ ಎತ್ತಿ ಹಿಡಿಯುತ್ತದೆ, ಶಿಕ್ಷಕರು ತಮ್ಮ ಒಂದೇ ಫೋನಿನ ಕ್ಯಾಮೆರಾವನ್ನು ಕೊಠಡಿಯ ಉದ್ದಕ್ಕೂ ಹಾಯಿಸುತ್ತಾರೆ. ಯಾರು ಯಾವ ಉತ್ತರ ಕೊಟ್ಟರೆಂಬುದು ದಾಖಲಾಗುತ್ತದೆ. ಪ್ರತಿ ಕಾರ್ಡಿನ ವಿನ್ಯಾಸ ಬೇರೆಯಾದ್ದರಿಂದ ಪಕ್ಕದವರದನ್ನು ನೋಡಿ ಬರೆಯುವ ಆಟ ನಡೆಯುವುದಿಲ್ಲ.

ಮಲೆನಾಡಿನಲ್ಲಿ ಇದಕ್ಕೂ ತನ್ನದೇ ಕಿರಿಕಿರಿಗಳಿವೆ. ಜುಲೈ ತಿಂಗಳ ಥಂಡಿಗೆ ರಟ್ಟು ಸೆಟೆದು ಬಾಗುತ್ತದೆ. ಬಾಗದಿರಲೆಂದು ಹೊಳಪಿನ ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾಕ್ಕೆ ವಿನ್ಯಾಸ ಕಾಣುವುದಿಲ್ಲ. ಹೊಳಪಿಲ್ಲದ ಹಾಳೆಯಲ್ಲೇ ಮಾಡಿಸಬೇಕು. ಕರೆಂಟ್ ಹೋಯಿತೋ, ಮೋಡ ಮುಚ್ಚಿದ ಮಧ್ಯಾಹ್ನದ ಕತ್ತಲಲ್ಲಿ ಕ್ಯಾಮೆರಾ ಕೈಚೆಲ್ಲುತ್ತದೆ. ದೊಡ್ಡ ಸ್ಮಾರ್ಟ್ ಬೋರ್ಡುಗಳ ಪಾಡು ಇನ್ನೂ ಕಷ್ಟ. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಟ್ಟದ್ದು, ಮಳೆಗಾಲದಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆಗೆ ಬೇಸತ್ತು ಮುಚ್ಚಿಟ್ಟದ್ದು, ಎರಡನ್ನೂ ಕಳೆದರೆ ಪರದೆ ದುಡಿಯುವ ತಿಂಗಳುಗಳು ಅಷ್ಟೇನೂ ಉಳಿಯುವುದಿಲ್ಲ.

ಸ್ಲೇಟು ನೆನಪಾಗುವುದು ಇಲ್ಲೇ. ಹೆಂಚಿನ ಅಥವಾ ಶೀಟಿನ ಮಾಡಿನ ಕೊಠಡಿಯಲ್ಲಿ ಜಡಿಮಳೆ ಹಿಡಿದರೆ ಮೇಷ್ಟ್ರ ಮಾತು ಮೂರನೆಯ ಬೆಂಚು ದಾಟುವುದಿಲ್ಲ. ಎಷ್ಟೋ ಕಡೆ ಆ ಹೊತ್ತಿನಲ್ಲಿ ಪಾಠ ನಿಂತು ಬರಹದ ಕೆಲಸ ಶುರುವಾಗುತ್ತದೆ. ಆಗಲೇ ಹಲಗೆಯ ಮೇಲೆ ಒಂದು ಪ್ರಶ್ನೆ ಬರೆದು, ಎಲ್ಲರೂ ಉತ್ತರ ಬರೆದು ಒಟ್ಟಿಗೆ ಎತ್ತಿ ತೋರಿಸಿ ಎಂದು ಸನ್ನೆ ಮಾಡಿದರೆ ಸಾಕು. ಮೂವತ್ತು ಸ್ಲೇಟನ್ನು ಒಂದು ನೋಟದಲ್ಲಿ ಓದಿಬಿಡಬಹುದು. ಬಹು ಆಯ್ಕೆಯ ಕಾರ್ಡಿನಲ್ಲಿ ಕಾಣದ ತಪ್ಪುಗಳೂ, ಶಿಕ್ಷಕರು ಊಹಿಸಿರದ ಉತ್ತರಗಳೂ ಅಲ್ಲಿ ಕಾಣುತ್ತವೆ. ಕಾರ್ಡ್ ಗೆಲ್ಲುವುದು ದಾಖಲೆಯಲ್ಲಿ: ಯಾರು ಯಾವ ತಪ್ಪನ್ನು ಮೂರು ವಾರದಿಂದ ಬಿಡದೆ ಮಾಡುತ್ತಿದ್ದಾರೆ ಎಂಬುದನ್ನು ಸ್ಲೇಟು ಒರೆಸಿಹಾಕುತ್ತದೆ, ಫೋನು ಉಳಿಸಿಕೊಳ್ಳುತ್ತದೆ. ಹಾಗೆ ಉಳಿಸುವಾಗ ಮಕ್ಕಳ ಹೆಸರಿನ ಬದಲು ಕ್ರಮಸಂಖ್ಯೆ ಬಳಸಿದರೆ ಒಳ್ಳೆಯದು. 18 ತುಂಬದವರ ವೈಯಕ್ತಿಕ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ತಂತ್ರಜ್ಞಾನ ನಿಜಕ್ಕೂ ಅನಿವಾರ್ಯವೆನಿಸುವ ಜಾಗ ಬೇರೆಯೇ ಇದೆ: ಪ್ರಥಮ ಪಿಯುಸಿ ವಿಜ್ಞಾನ ತರಗತಿ. ಹೊಸನಗರ, ಸೊರಬ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು ಶಿವಮೊಗ್ಗಕ್ಕೆ ಬಂದು ಹಾಸ್ಟೆಲ್ ಸೇರಿ, ಎಂಬತ್ತು ಜನರ ಕೊಠಡಿಯಲ್ಲಿ ಇಂಗ್ಲಿಷ್ ಪಾಠಕ್ಕೆ ಕೂರುತ್ತಾರೆ. ಅರ್ಥವಾಯಿತೇ ಎಂಬ ಪ್ರಶ್ನೆಗೆ ಇಡೀ ತರಗತಿ ಹೌದು ಸರ್ ಎನ್ನುತ್ತದೆ. ವಿಷಯ ತಿಳಿದಿದ್ದೂ ಇಂಗ್ಲಿಷಿನಲ್ಲಿ ಹೇಳಲಾರದವರು, ಪದವೇ ತಿಳಿಯದೆ ಎಲ್ಲೋ ಕಳೆದುಹೋದವರು, ತಿಳಿದಿದೆ ಎಂದು ತಪ್ಪಾಗಿ ನಂಬಿದವರು, ಎಲ್ಲರ ಧ್ವನಿಯೂ ಅದರೊಳಗೇ ಇದೆ. ಕೈ ಎತ್ತುವವರು ಮುಂದಿನ ಸಾಲಿನ ನಾಲ್ಕೈದು ಮಂದಿ, ಪ್ರತಿದಿನವೂ ಅವರೇ. ಮಾತಾಡದೆ ಉತ್ತರಿಸುವ ಅವಕಾಶ ಇಂಥ ಕಡೆ ದೊಡ್ಡ ಬಿಡುಗಡೆ. ಹಿಂದಿನ ಬೆಂಚಿನ ಹುಡುಗಿ ಸರಿ ಉತ್ತರ ಕೊಟ್ಟಿದ್ದಾಳೆಂದು ಉಪನ್ಯಾಸಕರಿಗೂ ಗೊತ್ತಾಗುತ್ತದೆ, ಅವಳಿಗೂ ಗೊತ್ತಾಗುತ್ತದೆ.

ಅಲ್ಲಿ ಎರಡು ಎಚ್ಚರಿಕೆ ಬೇಕು. ಚರ್ಚೆಗೆ ಮುಂಚಿನ ಮೊದಲ ಸುತ್ತಿನ ಫಲಿತಾಂಶವನ್ನು ಪರದೆಗೆ ಹಾಕಬಾರದು. ಹೆಚ್ಚು ಮಂದಿ ಆರಿಸಿದ ಉತ್ತರ ಯಾವುದೆಂದು ಕಂಡ ಕೂಡಲೇ ವಾದ ಸತ್ತು ಎಲ್ಲರೂ ಬಹುಮತದ ಕಡೆ ಸರಿಯುತ್ತಾರೆ. ಮತ್ತೆ, ಪಕ್ಕದವರೊಡನೆ ಚರ್ಚೆ ಕನ್ನಡದಲ್ಲೇ ನಡೆಯಲಿ. ಚರ್ಚೆಯ ಲಾಭವೇನೆಂಬುದಕ್ಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯ 2009ರ ಅಧ್ಯಯನವೊಂದಿದೆ. ಗುಂಪಿನಲ್ಲಿ ಯಾರಿಗೂ ಮೊದಲು ಸರಿ ಉತ್ತರ ಗೊತ್ತಿಲ್ಲದಿದ್ದಾಗಲೂ, ಚರ್ಚೆಯ ಬಳಿಕ ಅದೇ ಬಗೆಯ ಹೊಸ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವರ ಪ್ರಮಾಣ ಏರಿತು. ಜಾಣ ಹುಡುಗನ ಉತ್ತರವನ್ನು ಉಳಿದವರು ನಕಲು ಮಾಡುವುದಷ್ಟೇ ಇಲ್ಲಿ ನಡೆಯುತ್ತಿಲ್ಲ ಎಂದಾಯಿತು. ಆ ವಾದ ಮಾಡಲು ಬಾರದ ಭಾಷೆಯೊಂದನ್ನು ಕಡ್ಡಾಯ ಮಾಡಿದರೆ ಉಳಿಯುವುದು ಮೌನ.

ಇಷ್ಟೆಲ್ಲ ನಮ್ಮ ವ್ಯವಸ್ಥೆಗೆ ಹೊಸದೇನಲ್ಲ ಎಂದು ಇಲಾಖೆ ಹೇಳಬಹುದು, ಹೇಳಿದರೆ ತಪ್ಪಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಕಿರಿಯ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಕ್ರಮವಾದ ನಲಿ-ಕಲಿಯ ಕಲಿಕಾ ಏಣಿ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಶಿಕ್ಷಕರಿಗೂ ಮಗುವಿಗೂ ತೋರಿಸಲೆಂದೇ ರೂಪುಗೊಂಡದ್ದು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಉದ್ದೇಶವೂ ಅದೇ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ, ಅಂದರೆ ಅವಧಿಯ ಕೊನೆಯ ಪರೀಕ್ಷೆ. ರೂಪಣಾತ್ಮಕ ಮೌಲ್ಯಮಾಪನ ಪಾಠವನ್ನು ತಿದ್ದಲಿಕ್ಕೆ, ಮಗುವಿಗೆ ದರ್ಜೆ ಹಚ್ಚಲಿಕ್ಕಲ್ಲ. ಬಳಕೆಯಲ್ಲಿ ಅದು ಎಫ್‌ಎ ಆಯಿತು, ಎಫ್‌ಎ ಅಂಕವಾಯಿತು, ಅಂಕ ಇಲಾಖೆಯ ವಿದ್ಯಾರ್ಥಿ ದಾಖಲೆಗಳ ಸ್ಯಾಟ್ಸ್ ತಂತ್ರಾಂಶದಲ್ಲಿ ತುಂಬಬೇಕಾದ ಕಾಲಂ ಆಯಿತು. ಕಾಲಂ ತುಂಬುವ ಕೊನೆಯ ದಿನಾಂಕ ಎಲ್ಲರಿಗೂ ಗೊತ್ತು. ತುಂಬಿದ ಮೇಲೆ ಪಾಠದಲ್ಲಿ ಏನು ಬದಲಾಯಿತೆಂದು ಕೇಳಿದವರಿಲ್ಲ. ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಿಡತಕ್ಕದ್ದು. ಇಸ್ರೇಲಿನ ಶಾಲಾ ಮಕ್ಕಳಲ್ಲಿ ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಷರಾ, ಕೆಲವರಿಗೆ ಎರಡೂ ಕೊಡಲಾಯಿತು. ಸುಧಾರಿಸಿದ್ದು ಬರೀ ಷರಾ ಪಡೆದವರು. ಅಂಕವೂ ಷರಾವೂ ಸಿಕ್ಕವರಿಗೆ ಷರಾದಿಂದ ಪ್ರಯೋಜನವಾಗಲಿಲ್ಲ. ಅಂಕ ಕಂಡ ಮೇಲೆ ಅದರ ಕೆಳಗಿನ ಸಾಲನ್ನು ಯಾರು ಓದುತ್ತಾರೆ?

ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯ ಪಡೆಯುವ ಕ್ರಮ ಇದಕ್ಕಿಂತ ವಿಚಿತ್ರ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮೌಲ್ಯಾಂಕನದಲ್ಲಿ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆ 2017ರಿಂದ ಸೇರಿತು, ಕಾಲೇಜು ತಾನೇ ಸಂಗ್ರಹಿಸುವ ಅಭಿಪ್ರಾಯ ನಮೂನೆಗಳೂ ಇವೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಲಿಂಕ್ ಬರುತ್ತದೆ, ಒಂದರಿಂದ ಐದರೊಳಗೆ ಗುರುತು ಹಾಕಿ ಎನ್ನುತ್ತದೆ, ಹುಡುಗರು ಎಲ್ಲದಕ್ಕೂ ನಾಲ್ಕು ಒತ್ತಿ ಬಸ್ ಹಿಡಿಯುತ್ತಾರೆ. ಅಭಿಪ್ರಾಯ ಕೊಟ್ಟವರಿಗೆ ಅದರಿಂದ ಏನೂ ಸಿಗುವುದಿಲ್ಲ, ಏಕೆಂದರೆ ಆ ಪಾಠ ಮುಗಿದುಹೋಗಿದೆ. ಇದರ ಬದಲು ನಾಲ್ಕನೆಯ ಅಥವಾ ಐದನೆಯ ವಾರದಲ್ಲಿ ಎರಡೇ ಪ್ರಶ್ನೆ ಕೇಳಿದರೆ ಸಾಕು: ಇದುವರೆಗಿನ ಪಾಠದಲ್ಲಿ ಏನು ಅರ್ಥವಾಗಿಲ್ಲ? ಪಾಠದ ಕ್ರಮದಲ್ಲಿ ಏನು ಬದಲಾದರೆ ಅನುಕೂಲ? ಮುಂದಿನ ತರಗತಿಯಲ್ಲಿ ಅಧ್ಯಾಪಕರು ಇಂತಿಂಥದ್ದನ್ನು ಬದಲಿಸುತ್ತೇನೆ, ಇಂತಿಂಥದ್ದನ್ನು ಬದಲಿಸುವುದಿಲ್ಲ, ಕಾರಣ ಇದು ಎಂದು ಐದು ನಿಮಿಷ ಮಾತಾಡಬೇಕು. ಚೀಟಿಯಲ್ಲಿ ಬರೆಸಿದರೆ ಸಣ್ಣ ಊರಿನಲ್ಲಿ ಒಂದು ತೊಂದರೆ: ಅಕ್ಷರ ನೋಡಿಯೇ ಇದು ಯಾರದೆಂದು ಮೇಷ್ಟ್ರಿಗೆ ತಿಳಿಯುತ್ತದೆ, ಮೇಷ್ಟ್ರಿಗೂ ಹುಡುಗನ ಅಪ್ಪನಿಗೂ ಸೊಸೈಟಿಯಲ್ಲಿ ವಾರಕ್ಕೊಮ್ಮೆ ಭೇಟಿ. ಇಮೇಲ್ ಕೇಳದ ಗೂಗಲ್ ಫಾರ್ಮ್ ಇಲ್ಲಿ ಕಾಗದಕ್ಕಿಂತ ಖಂಡಿತ ಮೇಲು.

ಅಭಿಪ್ರಾಯವನ್ನು ಕೇಳಬೇಕು ಎಂದ ಮಾತ್ರಕ್ಕೆ ಅದರಂತೆಯೇ ನಡೆಯಬೇಕೆಂದಲ್ಲ. 2019ರಲ್ಲಿ ಲೂಯಿ ಡೆಲೊರಿಯೆ ಮತ್ತು ಸಂಗಡಿಗರು ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲೇ ಕಂಡುಕೊಂಡದ್ದು ಕುತೂಹಲಕರ. ತಾವೇ ಸಮಸ್ಯೆ ಬಿಡಿಸುತ್ತಾ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ಸರಾಗವಾದ ಉಪನ್ಯಾಸ ಕೇಳಿದವರಿಗೆ ಎಲ್ಲ ತಿಳಿದಂತೆ ಭಾಸವಾಗಿತ್ತು. ನಮ್ಮಲ್ಲೂ ನೋಟ್ಸ್ ಬರೆಸುವ ಮೇಷ್ಟ್ರಿಗೆ ಪೋಷಕರ ಸಭೆಯಲ್ಲಿ ಮೆಚ್ಚುಗೆ ಜಾಸ್ತಿ. ಹೀಗಾಗಿ ವಿದ್ಯಾರ್ಥಿಗೆ ಇಷ್ಟವಾಯಿತೇ ಎಂಬ ಅಂಕಿಯೊಂದನ್ನೇ ಹಿಡಿದು ಅಧ್ಯಾಪಕರನ್ನು ಅಳೆಯುವುದು ಅಪಾಯ. ಏನು ತಿಳಿಯಲಿಲ್ಲ ಎಂಬ ಉತ್ತರ ಹೆಚ್ಚು ನಂಬಿಕೆಗೆ ಅರ್ಹ.

ಹಿನ್ನೀರಿನ ಆಚೆಯ, ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಈ ಚರ್ಚೆಯ ಬಹುಭಾಗ ಅನ್ವಯಿಸುವುದಿಲ್ಲ. ಇಡೀ ಶಾಲೆಗೆ ಹತ್ತು ಹನ್ನೆರಡು ಮಕ್ಕಳಿರುವ ಕಡೆ ಕ್ಲಿಕ್ಕರ್ ಹಂಚುವುದು ನಗೆಪಾಟಲು. ಪ್ರತಿ ಮಗುವಿನ ತಪ್ಪೂ ಶಿಕ್ಷಕಿಗೆ ಬಾಯಿಪಾಠ. ಅವರಿಗೆ ಇಲ್ಲದ್ದು ಸಮಯ. ಐದು ತರಗತಿ, ಒಬ್ಬರೋ ಇಬ್ಬರೋ ಶಿಕ್ಷಕರು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಅಂಥಲ್ಲಿಗೆ ಇಂಟರ್ನೆಟ್ ಇಲ್ಲದೆಯೂ ನಡೆಯುವ, ನಾಲ್ಕನೆಯ ತರಗತಿಯವರನ್ನು ಇಪ್ಪತ್ತು ನಿಮಿಷ ಅಭ್ಯಾಸದಲ್ಲಿ ತೊಡಗಿಸಿಡುವ ಎರಡು ಟ್ಯಾಬ್ ಕೊಟ್ಟರೆ, ಆ ಇಪ್ಪತ್ತು ನಿಮಿಷ ಶಿಕ್ಷಕಿ ಒಂದನೆಯ ತರಗತಿಯವರ ಪಕ್ಕ ಕೂರಬಹುದು.

ಉಳಿದ ಕಡೆಗಳಿಗೆ ಬೇಕಾಗಿರುವುದು ಪ್ರಶ್ನೆಗಳ ಸಂಗ್ರಹ. ಒಳ್ಳೆಯ ಪ್ರಶ್ನೆ ಒಬ್ಬರೇ ಕೂತು ಬರೆದರೆ ಬರುವಂಥದ್ದಲ್ಲ, ತಪ್ಪು ಉತ್ತರಗಳನ್ನು ವರ್ಷಗಟ್ಟಲೆ ಕಂಡವರು ಸೇರಿ ಕಟ್ಟಬೇಕಾದದ್ದು. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಹೇಗೂ ನಡೆಯುತ್ತವೆ; ಸುತ್ತೋಲೆ ಓದುವುದರಲ್ಲಿ ಕಳೆಯುವ ಹೊತ್ತಿನಲ್ಲಿ ಒಂದು ಗಂಟೆ ಉಳಿಸಿ, ಪ್ರತಿ ಶಿಕ್ಷಕರು ಒಂದು ಪ್ರಶ್ನೆ, ಅದಕ್ಕೆ ಬಂದ ತಪ್ಪು ಉತ್ತರಗಳು, ಎಷ್ಟು ಮಕ್ಕಳು ಯಾವುದನ್ನು ಆರಿಸಿದರು, ಆಮೇಲೆ ತಾವೇನು ಮಾಡಿದರು ಎಂಬುದನ್ನು ತಂದು ಓದಲಿ. ಸಂಪನ್ಮೂಲ ವ್ಯಕ್ತಿಗಳು ಅದನ್ನು ಒಂದು ಪುಸ್ತಕದಲ್ಲಿ ಪಾಠವಾರು ಬರೆದಿಡಲಿ. ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನವರು ವರ್ಷಕ್ಕೊಮ್ಮೆ ನೋಡಿ ತಿದ್ದಲಿ. ಮಲೆನಾಡಿನ ಶಾಲೆಗಳಿಗೆ ಇದರ ಅಗತ್ಯ ಹೆಚ್ಚು. ವರ್ಗಾವಣೆ ಸಿಕ್ಕ ಕೂಡಲೇ ಬಯಲು ಸೀಮೆಯ ಶಿಕ್ಷಕರು ಹೊರಡುತ್ತಾರೆ, ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ಇಲ್ಲಿನ ಮಕ್ಕಳು ಎಲ್ಲಿ ಎಡವುತ್ತಾರೆಂಬ ತಿಳಿವಳಿಕೆ ಹೋದವರ ಜೊತೆಯೇ ಹೋಗಿಬಿಡುತ್ತದೆ. ಜೂನ್‌ನಲ್ಲಿ ಹೊಸದಾಗಿ ಬಂದ ಅತಿಥಿ ಶಿಕ್ಷಕಿಯ ಕೈಗೆ ಹಾಜರಿ ಪುಸ್ತಕದ ಜೊತೆ ಆ ಪುಸ್ತಕವನ್ನೂ ಕೊಟ್ಟರೆ, ದಶಮಾಂಶದ ಪಾಠಕ್ಕೆ ಹೋಗುವ ಮುನ್ನವೇ ಯಾವ ಎರಡು ಪ್ರಶ್ನೆ ಕೇಳಬೇಕೆಂದು ಅವರಿಗೆ ಗೊತ್ತಿರುತ್ತದೆ.